ಪಡಿಯಚ್ಚು ಕಲಿಸುವ ಇತಿಹಾಸ

ನಡುವಯಸ್ಸಿನಲ್ಲಿ ಊರಿನ ಇತಿಹಾಸ ಬರೆಯಲು ಹೊರಟವರಿಗೆ ಶಾಸನದ ಪಡಿಯಚ್ಚಿಗಿಂತ ಒಳ್ಳೆಯ ಗುರುವಿಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಹದವಾಗಿ ಬಡಿಯಬೇಕು. ಕಾಗದ ಅಕ್ಷರದ ಕುಳಿಗಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಹಿನ್ನೆಲೆ ಕಪ್ಪು, ಅಕ್ಷರ ಬಿಳಿ. ಬರಿಗಣ್ಣಿಗೆ ಕಾಣದಿದ್ದ ಒತ್ತು, ಕೊಂಬುಗಳೂ ಎದ್ದು ಬರುತ್ತವೆ. ಇಲ್ಲಿ ಆತುರ ನಡೆಯದು, ಊಹೆಯೂ ನಡೆಯದು.

ವಿರೂಪಾಪುರಗಡ್ಡೆಯ ಸುತ್ತ ಓದುವವರಿಗೆ ಕಲ್ಲಿನ ಬರವಿಲ್ಲ. ತುಂಗಭದ್ರೆಯ ಈ ನಡುಗಡ್ಡೆಯಲ್ಲೇ ವಿಜಯನಗರ ಕಾಲದ ಕಲ್ಲುಕಂಬಗಳ ಮೇಲ್ಗಾಲುವೆ ನಿಂತಿದೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಹೊಳೆಯಾಚೆಯ ಹಂಪಿ ಕನ್ನಡ ವಿಶ್ವವಿದ್ಯಾಲಯ ಕೊಪ್ಪಳ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಪ್ರಕಟಿಸಿದೆ. ಮೊದಲು ಅದರಲ್ಲಿ ನಿಮ್ಮೂರಿನ ಹೆಸರು ಹುಡುಕಿ. ಆಮೇಲೆ ಗುಡಿಯ ಮುಂದಿನ ಕಲ್ಲಿನ ಬಳಿ ಕುಳಿತು ಸಾಲು ಸಾಲಾಗಿ ಹೋಲಿಸಿ ಓದಿ.