ಎಳೆದಷ್ಟೂ ಗಡುಸಾಗುವ ಪ್ಲಾಸ್ಟಿಕ್

ಸಿ.ಡಿ. ಡಬ್ಬಿ ಕೈತಪ್ಪಿ ನೆಲಕ್ಕೆ ಬಿದ್ದರೆ ಅದರ ಕೀಲು ಚಟ್ಟೆಂದು ಮುರಿಯುತ್ತದೆ. ಒಳಗಿನ ತಟ್ಟೆಗೆ ಏನೂ ಆಗುವುದಿಲ್ಲ. ಡಬ್ಬಿ ಪಾಲಿಸ್ಟೈರೀನ್, ತಟ್ಟೆ ಪಾಲಿಕಾರ್ಬೊನೇಟ್; ಎರಡೂ ಗಾಜುಸ್ಥಿತಿಯ ಪಾಲಿಮರ್‌ಗಳೇ. ಸಣ್ಣ ಎಳೆತಕ್ಕೆ ಪಾಲಿಸ್ಟೈರೀನೇ ತುಸು ಹೆಚ್ಚು ಬಿಗಿ. ವ್ಯತ್ಯಾಸ ಇರುವುದು ದೊಡ್ಡ ಎಳೆತದಲ್ಲಿ.

ಪಾಲಿಕಾರ್ಬೊನೇಟ್ ಪಟ್ಟಿಯನ್ನು ಯಂತ್ರಕ್ಕೆ ಕಚ್ಚಿಸಿ ಎಳೆಯುವುದನ್ನು ಒಮ್ಮೆ ನೋಡಬೇಕು. ಸುಮಾರು 60 ಮೆಗಾಪಾಸ್ಕಲ್ ಒತ್ತಡಕ್ಕೆ ಅದು ಮಣಿಯುತ್ತದೆ, ಒಂದು ಕಡೆ ಸೊಂಟ ಸಣ್ಣಗಾಗುತ್ತದೆ. ಅಲ್ಲೇ ತುಂಡಾಗಬೇಕಿತ್ತು, ಆಗುವುದಿಲ್ಲ. ಸಣ್ಣಗಾದ ಜಾಗವೇ ಗಡುಸಾಗಿ ನಿಲ್ಲುತ್ತದೆ. ಪಕ್ಕದ ದಪ್ಪ ಭಾಗ ಮಣಿಯತೊಡಗುತ್ತದೆ. ಹೀಗೆ ಸೊಂಟ ಪಟ್ಟಿಯುದ್ದಕ್ಕೂ ಹಬ್ಬುತ್ತಾ ಹೋಗುತ್ತದೆ. ವಸ್ತುಪರೀಕ್ಷೆಯಲ್ಲಿ ಇದಕ್ಕಿಂತ ಚೆಂದದ ನೋಟ ಅಪರೂಪ.

ಪಾಲಿಸ್ಟೈರೀನ್‌ನಲ್ಲಿ ಈ ಗಡುಸು ದುರ್ಬಲ. ಮಣಿದ ಮೇಲೆ ಮೆತ್ತಗಾಗುವುದೇ ಹೆಚ್ಚು. ಎಳೆತವೆಲ್ಲ ಒಂದೇ ಜಾಗದಲ್ಲಿ ಸೇರಿ ಬಿರುಕಾಗುತ್ತದೆ. ಆದರೆ ಐಂಡ್‌ಹೋವನ್‌ನ ಸಂಶೋಧಕರು ಅದನ್ನು ಮೊದಲೇ ರೋಲರ್‌ಗಳ ನಡುವೆ ಹಾಯಿಸಿ ಆ ಮೆತ್ತಗಾಗುವಿಕೆಯನ್ನು ಅಳಿಸಿದಾಗ, ಮುರಿಯುತ್ತಿದ್ದ ಪಟ್ಟಿ ಬಾಗಿತು! ಆ ಗುಣ ಹೆಚ್ಚು ಹೊತ್ತು ಉಳಿಯಲಿಲ್ಲ, ನಿಜ.

ಗಡುಸು ಬರುವುದಾದರೂ ಎಲ್ಲಿಂದ? 1968ರಲ್ಲಿ ಹೇವರ್ಡ್ ಮತ್ತು ಥ್ಯಾಕ್ರೆ ಕೊಟ್ಟ ಉತ್ತರ: ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಸಿಕ್ಕಾಗಿ ಬಲೆಯಂತಿವೆ, ಎಳೆದಾಗ ಆ ಬಲೆ ರಬ್ಬರಿನಂತೆ ಹಿಂದೆಳೆಯುತ್ತದೆ. ಇದಕ್ಕೆ ಪುರಾವೆಯೂ ಇದೆ. ಹಿಗ್ಗಿದ ಪಾಲಿಕಾರ್ಬೊನೇಟನ್ನು 150 ಡಿಗ್ರಿ ಸೆಲ್ಸಿಯಸ್ ದಾಟಿಸಿ ಬಿಸಿ ಮಾಡಿದರೆ ಬಹುಪಾಲು ಹಳೆಯ ಉದ್ದಕ್ಕೇ ಮರಳುತ್ತದೆ.

ಲೆಕ್ಕ ಮಾತ್ರ ಕೂಡುವುದಿಲ್ಲ. ಕರಗಿದ ಪಾಲಿಸ್ಟೈರೀನ್‌ನ ಬಲೆಯ ಬಿಗಿತ ಸುಮಾರು 0.2 ಮೆಗಾಪಾಸ್ಕಲ್, ಗಾಜುಸ್ಥಿತಿಯಲ್ಲಿ ಅಳೆದ ಗಡುಸು 10ರ ಆಸುಪಾಸು. ಇನ್ನೊಂದು ತೊಡಕು ಇನ್ನೂ ತೀಕ್ಷ್ಣ: ಬಿಸಿಯೇರಿದಂತೆ ರಬ್ಬರಿನ ಬಿಗಿತ ಹೆಚ್ಚಬೇಕು, ಇಲ್ಲಿ ಗಡುಸು ಇಳಿಯುತ್ತದೆ. ಕ್ರೇಮರ್ 2005ರಲ್ಲಿ ಇದನ್ನು ನೇರವಾಗಿಯೇ ಎತ್ತಿ ತೋರಿಸಿದರು. ಮರುವರ್ಷ ಹೋಯ್ ಮತ್ತು ರಾಬಿನ್ಸ್ ಕಂಪ್ಯೂಟರಿನಲ್ಲಿ ಸರಪಳಿಗಳನ್ನು ಎಳೆದು ನೋಡಿದಾಗ, ಗಡುಸು ವಸ್ತು ಹರಿಯಲು ಬೇಕಾದ ಬಲವನ್ನೇ ಹಿಂಬಾಲಿಸಿತು. ಅಂದರೆ ಸರಪಳಿ ನೆಟ್ಟಗಾದಷ್ಟೂ ನೆರೆಯ ಅಣುಗಳನ್ನು ಸರಿಸುವ ತಿಣುಕಾಟ ಹೆಚ್ಚು. ಸ್ಪ್ರಿಂಗಿಗಿಂತ ತಿಕ್ಕಾಟದ ಪಾಲು ದೊಡ್ಡದು.

ಈ ವಿವರಣೆಯೇ ಹೆಚ್ಚು ನಂಬಲರ್ಹ. ಆದರೂ ಎಂಜಿನಿಯರುಗಳು ಇಂದಿಗೂ 1993ರ ಅರುಡಾ–ಬಾಯ್ಸ್ ರಬ್ಬರ್ ಮಾದರಿಯನ್ನು ಬಳಸುತ್ತಾರೆ, ಬಿಗಿತದ ಜಾಗದಲ್ಲಿ ಪ್ರಯೋಗದಿಂದ ಅಳೆದ ಸಂಖ್ಯೆಯನ್ನು ತುಂಬಿ.