ಹೆಸರು ಯೆಜ್ಡಿ, ಸದ್ದು ಬೇರೆ

ಅಪ್ಪನ ರೋಡ್‌ಕಿಂಗ್ ಕೈಕೊಟ್ಟಿತು. ಸಿಲಿಂಡರ್ ಇನ್ನು ಬೋರ್ ಮಾಡೋಕೆ ಆಗಲ್ಲ ಅಂತ ಬಳ್ಳಾರಿಯ ಮೆಕ್ಯಾನಿಕ್ ಕೈಚೆಲ್ಲಿದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ. ಅಸಲಿ ಸಿಲಿಂಡರ್ ಎಲ್ಲಿಂದ ತರೋದು? ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂತಲ್ಲ, ಆ ಹೊಸ ರೋಡ್‌ಸ್ಟರನ್ನು ಗೆಳೆಯನಿಂದ ಒಂದು ದಿನಕ್ಕೆ ಇಸ್ಕೊಂಡೆ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಬಳ್ಳಾರಿಯಿಂದ ಕುರುಗೋಡಿನವರೆಗೆ ಒಂದು ದೂರೂ ಇಲ್ಲ. 334 ಸಿಸಿ, ಆರು ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು. ಹಳೇದು 250 ಸಿಸಿ, ನಾಲ್ಕೇ ಗೇರು. ಅದರ ಡ್ರಮ್ ಬ್ರೇಕು ಹಿಡಿದರೆ ಎದುರಿನ ಎಮ್ಮೆಯ ಪುಣ್ಯ! ಹೊಸದು ನಿಜಕ್ಕೂ ಒಳ್ಳೇ ಗಾಡಿ.

ಕೊರತೆ ತಿಳಿದದ್ದು ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ. ರೋಡ್‌ಕಿಂಗ್‌ನ ಎರಡು ಸೈಲೆನ್ಸರಿನ ಟೂ-ಸ್ಟ್ರೋಕ್ ಸದ್ದು ದೂರದಿಂದಲೇ ಕೇಳಿ ಅವ್ವ ಚಾಕ್ಕೆ ಇಡ್ತಿದ್ದಳು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿದ್ದ ಆ ಗಾಡಿ ನಿಂತರೆ, ಕಾಲುವೆ ದಂಡೇಲಿ ಪ್ಲಗ್ ಬಿಚ್ಚಿ ಒರೆಸಿ ಅಪ್ಪ ಮತ್ತೆ ಹೊರಡಿಸ್ತಿದ್ದ. ಹೊಸದು ಫ್ಯೂಯಲ್ ಇಂಜೆಕ್ಷನ್ನಿನದು. ನಿಂತರೆ ನಮ್ಮ ಪಾನಾ ಪೆಟ್ಟಿಗೆ ದಂಡ.

ಮನೆ ಮುಂದೆ ಇಳಿದ ಅಪ್ಪ, “ಚಲೋ ಐತಿ” ಅಂದ. ಅಷ್ಟೇ.

ತಪ್ಪು ಗಾಡಿಯದಲ್ಲ. ನಾನು ಹೆಸರು ನೋಡಿ ಬದಲಿ ಹುಡುಕಿದೆ, ಕೆಲಸ ನೋಡಿ ಹುಡುಕಬೇಕಿತ್ತು. ದೂರದ ಓಡಾಟಕ್ಕೆ ಬೇಕಾದವರು ಹೊಸ ಯೆಜ್ಡಿ ಧೈರ್ಯವಾಗಿ ತಗೊಳ್ರಿ. ನಿಮ್ಮಪ್ಪನ ಯೆಜ್ಡಿ ಬೇಕು ಅನ್ನೋರು ಶೋರೂಮಿಗೆ ಹೋಗಬೇಡ್ರಿ. ನಾನಂತೂ ಮರುದಿನವೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ: “ಗುಜರಿಯಲ್ಲಾದ್ರೂ ಒಂದು ಸಿಲಿಂಡರ್ ನೋಡೋ ತಮ್ಮಾ.”