‘ಮಿಸ್ಟರ್ ಸಂಪತ್’: ಗೆಳೆಯರ ಉದ್ಯಮವೂ ಚಿತ್ರದ ವಿನೋದವೂ

ಸ್ನೇಹವನ್ನೇ ಬಂಡವಾಳ ಮಾಡಿಕೊಂಡು ನಡೆಸುವ ಉದ್ಯಮವು ವಿನೋದಕ್ಕೆ ಬಹು ಅನುಕೂಲವಾದ ವಸ್ತು. ಲೆಕ್ಕ ಕೇಳಿದರೆ ಗೆಳೆತನಕ್ಕೆ ಊನ. ಕೇಳದಿದ್ದರೆ ಗಂಟಿಗೆ ಊನ. ಮೈಸೂರಿನಲ್ಲಿ ನೆಲಸಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರು (1906–2001) ಈ ಇಕ್ಕಟ್ಟಿನಿಂದಲೇ ಸಂಪತ್ ಎಂಬ ಪಾತ್ರವನ್ನು ಕಡೆದರು. ಆ ಪಾತ್ರವು 1947ರಲ್ಲಿ ‘ಮಿಸ್ ಮಾಲಿನಿ’ ಎಂಬ ತಮಿಳು ಚಿತ್ರದಲ್ಲಿಯೂ, 1949ರಲ್ಲಿ ‘ಮಿಸ್ಟರ್ ಸಂಪತ್’ ಎಂಬ ಕಾದಂಬರಿಯಲ್ಲಿಯೂ, 1952ರಲ್ಲಿ ಅದೇ ಹೆಸರಿನ ಹಿಂದೀ ಚಿತ್ರದಲ್ಲಿಯೂ ಕಾಣಿಸಿಕೊಂಡಿತು. ಚಿತ್ರಗಳೆರಡೂ ಮದರಾಸಿನ ಜೆಮಿನಿ ಸಂಸ್ಥೆಯವು; ಮೊದಲನೆಯದನ್ನು ಕೊತ್ತಮಂಗಲಂ ಸುಬ್ಬು, ಎರಡನೆಯದನ್ನು ಎಸ್. ಎಸ್. ವಾಸನ್ ನಿರ್ದೇಶಿಸಿದರು.

ಪಾತ್ರದ ಮೂಲವಿರುವುದು ಮೈಸೂರಿನಲ್ಲಿ. 1941ರಲ್ಲಿ ನಾರಾಯಣರು ‘ಇಂಡಿಯನ್ ಥಾಟ್’ ಎಂಬ ಪತ್ರಿಕೆಯನ್ನು ಹೊರಡಿಸಿದಾಗ ಅದನ್ನು ಅಚ್ಚುಹಾಕಿಕೊಟ್ಟ ಮುದ್ರಕ ಮಿತ್ರರೊಬ್ಬರೇ ಸಂಪತನಿಗೆ ಮಾದರಿ. ಕಾದಂಬರಿಯಲ್ಲಿ ಶ್ರೀನಿವಾಸನು ‘ಬ್ಯಾನರ್’ ಪತ್ರಿಕೆಯ ಸಂಪಾದಕ, ಸಂಪತ್ ಅದರ ಮುದ್ರಕ. ಮುದ್ರಣಾಲಯದ ಹೆಸರಿನಲ್ಲಿ ‘ಸತ್ಯ’ವಿದೆ, ಆದರೆ ಒಳಗಡೆಗೆ ಒಂದು ತೆರೆ ಇಳಿಬಿಟ್ಟಿದೆ. ಅದನ್ನು ದಾಟಲು ಯಾರಿಗೂ ಅಪ್ಪಣೆಯಿಲ್ಲ. ಹಿಂದೆ ಎಷ್ಟು ಯಂತ್ರ, ಎಷ್ಟು ಆಳು ಎಂಬುದನ್ನು ಸಂಪತನ ಮಾತಿನಿಂದಲೇ ಊಹಿಸಬೇಕು. ಶ್ರೀನಿವಾಸನೂ ತೆರೆಯನ್ನು ಸರಿಸಿ ನೋಡುವ ಗೋಜಿಗೆ ಹೋಗುವವನಲ್ಲ. ಪತ್ರಿಕೆ ವಾರವಾರವೂ ಹೊರಬಂದರೆ ಅವನಿಗೆ ಸಾಕು. ಕಾದಂಬರಿಯ ಹಾಸ್ಯದ ಬೇರು ಇಲ್ಲಿದೆ. ಮೋಸಮಾಡುವವನಿಗೂ ಮೋಸಹೋಗುವವನಿಗೂ ಭ್ರಾಂತಿಯಲ್ಲಿ ಸಮಪಾಲು. ಮುದ್ರಣಾಲಯ ಮುಚ್ಚಿ, ಸಂಪತನು ಚಿತ್ರನಿರ್ಮಾಣಕ್ಕೆ ಕೈಹಾಕಿದಾಗ ಶ್ರೀನಿವಾಸನು ಕಥೆ ಬರೆಯಲು ಅವನ ಹಿಂದೆಯೇ ನಡೆಯುತ್ತಾನೆ.

ಚಿತ್ರಗಳಲ್ಲಿ ಪತ್ರಿಕೆಯ ಸ್ಥಾನವನ್ನು ನಾಟಕ ಕಂಪನಿ ಆಕ್ರಮಿಸಿತು. ಕಲಾಮಂದಿರದ ನಟಿ ಮಾಲಿನಿಯು ಸಂಪತನ ಮಾತಿಗೆ ಮರುಳಾಗಿ, ತನ್ನವರನ್ನು ಬಿಟ್ಟು, ಸ್ವಂತ ಕಂಪನಿ ಕಟ್ಟಿ, ಸಾಲದಲ್ಲಿ ಮುಳುಗುವಳು. ಕೊನೆಗೆ ಹಳೆಯ ಮಂಡಲಿಗೇ ಮರಳುವಳು. ತಮಿಳು ಚಿತ್ರದ ಪ್ರತಿ ಉಳಿದುಬಂದಿಲ್ಲವಾಗಿ ವಿಮರ್ಶೆಯು ಹಿಂದೀ ಚಿತ್ರವನ್ನೇ ಅವಲಂಬಿಸಬೇಕಾಗಿದೆ. ಅದರಲ್ಲಿ ಮೋತಿಲಾಲರ ಅಭಿನಯವು ಮೆಚ್ಚತಕ್ಕದ್ದು. ಅವರ ಸಂಪತನು ಗದ್ದಲವಿಲ್ಲದ ಸಭ್ಯ. ನಯವಾದ ಮಾತೇ ಅವನ ಆಯುಧ. ಆದರೆ ಕಥೆಯ ಕಟ್ಟಿನಲ್ಲಿ ಒಂದು ಹಾನಿಯಾಗಿದೆ. ತಪ್ಪೆಲ್ಲವೂ ಧೂರ್ತನೊಬ್ಬನ ಪಾಲಿಗೆ ಬಂದು, ಮಾಲಿನಿಯು ಕೇವಲ ಕನಿಕರಕ್ಕೆ ಪಾತ್ರಳಾಗುವಳು. ಜೊತೆಗೂಡಿ ಕೆಟ್ಟವರ ಹಾಸ್ಯವು ವಂಚಕನ ಹಾಸ್ಯವಾಗಿ ಇಳಿಯಿತು. ಪಾಲುದಾರನೂ ಹೊಣೆಗಾರನೆಂಬ ಅರಿವು ಮಾಯವಾಯಿತು.

ಈ ಕೊರತೆಯು ಕಂಪನಿ ನಾಟಕದ ಸೀಮೆಯವರಿಗೆ ಬೇಗ ಗೋಚರಿಸೀತು. ಹೂಲಿಯಿರುವ ಸವದತ್ತಿ ತಾಲೂಕಿನಲ್ಲಿಯೇ ಏಣಗಿ ಎಂಬ ಊರಿದೆ. ಅಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು (1914–2017) ಕಲಾವೈಭವ ನಾಟ್ಯಸಂಘವನ್ನು ಬಹುಕಾಲ ನಡೆಸಿದರು. ಇಂಥ ಕಂಪನಿಗಳಲ್ಲಿ ರಾತ್ರಿ ಬಣ್ಣ ಹಚ್ಚಿದವನೇ ಬೆಳಗ್ಗೆ ಕಿರ್ದಿ ಬರೆಯಬೇಕು. ಮಳೆ ಬಂದು ಆಟ ನಿಂತರೂ ಅಡಿಗೆಮನೆಯ ಒಲೆ ನಿಲ್ಲದು. ಮುಂದಿನ ಕ್ಯಾಂಪಿಗೆ ಪರದೆ, ಪೆಟ್ಟಿಗೆಗಳನ್ನು ಸಾಗಿಸುವ ಖರ್ಚು ಬೇರೆ. ಇಂಥಲ್ಲಿ ಕಂಪನಿ ಮುಳುಗಲು ಧೂರ್ತನೇ ಬೇಕೆಂದಿಲ್ಲ, ಕೆಟ್ಟ ಮಳೆಗಾಲವೊಂದೇ ಸಾಕು. ರಂಗಭೂಮಿಯನ್ನೇ ವಸ್ತುವಾಗಿ ಆರಿಸಿಕೊಂಡ ಚಿತ್ರವು ಈ ಸಂಸಾರದ ಕಡೆಗೆ ಇನ್ನಷ್ಟು ಕಣ್ಣು ಹಾಯಿಸಿದ್ದರೆ ಅದರ ನಗೆಗೆ ತೂಕ ಬರುತ್ತಿತ್ತು.

ಮುಕ್ತಾಯದಲ್ಲಿಯೂ ಇದೇ ಅಂತರ. ಮಾಲಿನಿಯನ್ನು ಕಲಾಮಂದಿರವು ಮರಳಿ ಬರಮಾಡಿಕೊಳ್ಳುವುದರಿಂದ ಪ್ರೇಕ್ಷಕರು ಸಮಾಧಾನದಿಂದ ಏಳುವರು. ಕಾದಂಬರಿಯ ಶ್ರೀನಿವಾಸನು ‘ಬ್ಯಾನರ್’ ಪತ್ರಿಕೆಗೆ ಬೇರೆ ಮುದ್ರಕನನ್ನು ಹುಡುಕಿಕೊಂಡಿರುವನು. ಹಣವೂ ಹೆಸರೂ ಕಳೆದ ಸಂಪತನು ಕೊನೆಗೊಮ್ಮೆ ಅವನ ಬಳಿ ಬರುವನು. ಬೈಗುಳವಿಲ್ಲ, ಕ್ಷಮೆಯೂ ಇಲ್ಲ. ಇಬ್ಬರೂ ಬೀಳ್ಕೊಳ್ಳುವರು.